ಚಿತ್ತಾಪುರದಲ್ಲಿ ಸಿಕ್ಕ ನೆಲ

ವಾಡಿಯ ಹಳೇ ಬಜಾರದ ಹಿಂದಿನ ಓಣಿಯಲ್ಲಿ ರೊಟ್ಟಿ ಚಂದ್ರಕಲಾ ಅಂದರೆ ಯಾರಾದರೂ ಮನೆ ತೋರಿಸುತ್ತಾರೆ. ಮುಂಜಾನೆ ಹೋದವರಿಗೆ ಅದೂ ಬೇಕಾಗುವುದಿಲ್ಲ, ರೊಟ್ಟಿ ಬಡಿಯುವ ಸಪ್ಪಳವೇ ಬಾಗಿಲತನಕ ಕರೆದೊಯ್ಯುತ್ತದೆ. ಕಾಗಿಣಾ ದಂಡೆಯ ಹಳ್ಳಿಯಲ್ಲಿ ಹುಟ್ಟಿದ ಚಂದ್ರಕಲಾ, ಮೂರು ಗಾಲಿಯ ಟಂಟಂ ಗಾಡಿ ಓಡಿಸುವ ಭಾಗಣ್ಣನನ್ನು ಮದುವೆಯಾಗಿ ಈ ಊರಿಗೆ ಬಂದವಳು. ಮೊದಲು ಓಣಿಯವರಿಗಷ್ಟೇ ರೊಟ್ಟಿ ಮಾಡಿಕೊಡುತ್ತಿದ್ದಳು. ಅವಳ ಖಡಕ್ ರೊಟ್ಟಿ ಹಪ್ಪಳದಂತೆ ಮುರಿಯುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಶಹಾಬಾದದ ಮದುವೆಗಳಿಗೂ ಸೇಡಂನ ಬಸುರಿಯರ ಕುಬಸದ ಕಾರ್ಯಗಳಿಗೂ ಅವಳ ಮನೆಯಿಂದಲೇ ರೊಟ್ಟಿ ಹೋಗತೊಡಗಿತು.

ಮನೆ ಅವಳ ಮಾವ ಸಾಬಣ್ಣ ಕಟ್ಟಿದ್ದು. ಅವನು ಕಲ್ಲಿನ ಖಣಿಯಲ್ಲಿ ದುಡಿದ ಮನುಷ್ಯ. ನೆಲಕ್ಕೆ ಹಾಸಿದ ಫರಸಿ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ತಂದು, ಹೆಂಡತಿ ಬಸ್ಸಮ್ಮನ ಜೊತೆ ಕೂಡಿ ತಾನೇ ಹಾಸಿದ್ದ. ಎರಡು ಬೆರಳು ದಪ್ಪದ ಹಾಸುಗಲ್ಲು, ಬೇಸಿಗೆಯಲ್ಲಿ ಬರಿಗಾಲಿಟ್ಟರೆ ನೀರಿನೊಳಗೆ ನಿಂತಂತಿರುತ್ತಿತ್ತು. ಪಡಸಾಲೆಯ ನಡುವಿನ ಕಲ್ಲಿನ ಮೇಲೆ, ಕೆಲಸವಿಲ್ಲದ ಒಂದು ಶ್ರಾವಣದಲ್ಲಿ, ಚೌಕಾಬಾರಾ ಆಡುವ ಮನೆಗಳನ್ನು ಉಳಿಯಿಂದ ಕೆತ್ತಿದ್ದ. ಸಾಬಣ್ಣ ತೀರಿಕೊಂಡ ಮೇಲೆ ಬಸ್ಸಮ್ಮ ಮಧ್ಯಾಹ್ನ ಆ ಕಲ್ಲಿನ ಪಕ್ಕದಲ್ಲೇ ಅಡ್ಡಾಗುತ್ತಿದ್ದಳು.

ಪೀಡೆ ಬಂದದ್ದು ಮೇಲಿನಿಂದ. ಮಾಳಿಗೆ ಸೋರತೊಡಗಿತು. ಬೇರೆಯವರ ಮನೆ ಸೋರಿದರೆ ಪಾತ್ರೆ ಇಟ್ಟು ಸುಮ್ಮನಿರಬಹುದು. ರೊಟ್ಟಿ ಮಾಡುವವಳ ಮನೆ ಸೋರಿದರೆ ದುಡಿಮೆಯೇ ನೆನೆಯುತ್ತದೆ. ಥಂಡಿ ಹಿಡಿದ ಕೋಣೆಯಲ್ಲಿ ಒಟ್ಟಿದ ಖಡಕ್ ರೊಟ್ಟಿ ಮೆತ್ತಗಾಗಿ, ಒಂದು ಮದುವೆ ಮನೆಯವರು ಬುಟ್ಟಿಗೆ ಬುಟ್ಟಿಯೇ ತಿರುಗಿ ಕಳಿಸಿದರು. ಈ ಸಲ ಮಳೆಗಾಲಕ್ಕೆ ಮುಂಚೆ ದುರಸ್ತಿ ಮಾಡಿಸಲೇಬೇಕೆಂದು ಚಂದ್ರಕಲಾ ಹಟ ಹಿಡಿದಳು.

ಆಗ ಬಂದವನು ಗುತ್ತೇದಾರ ಸಂತೋಷಕುಮಾರ. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಬಸ್ಸಮ್ಮನ ಕಾಲು ಮುಟ್ಟಿ ನಮಸ್ಕರಿಸಿ ಒಳಗೆ ಬಂದ. ಮಾಳಿಗೆ ನೋಡಿದ. ಆಮೇಲೆ ಕೈಯಲ್ಲಿದ್ದ ಸುತ್ತಿಗೆಯಿಂದ ನೆಲವನ್ನು ಅಲ್ಲಲ್ಲಿ ಬಡಿದ.

"ಕೇಳಾಕತ್ತೀರೇನಕ್ಕಾ, ಟೊಳ್ಳು ಸಪ್ಪಳ? ಕೆಳಗೆಲ್ಲಾ ನೀರು ಕುಂತದ. ಮ್ಯಾಲಷ್ಟೇ ಮಾಡಿದ್ರ ಕೆಲಸ ಆಗಂಗಿಲ್ಲ. ಈ ಹಳೀ ಕಲ್ಲು ಕಿತ್ತು ಟೈಲ್ಸ್ ಹಾಕಬೇಕು."

"ಕಲ್ಲು ಯಾಕ ಕೀಳ್ತಿಯಪ್ಪ? ಗಟ್ಟಿ ಅದಾವಲ್ಲ" ಎಂದಳು ಬಸ್ಸಮ್ಮ.

"ಆಯಿ, ಮ್ಯಾಲ ಗಟ್ಟಿ, ಕೆಳಗ ಜೊಳ್ಳು. ನೀವು ಫಿಕರ್ ಮಾಡಬ್ಯಾಡ್ರಿ. ನಿಮ್ಮ ಮಗ ಅಂತ ತಿಳೀರಿ ನನ್ನ."

ಚಂದ್ರಕಲಾ ಅತ್ತೆಯ ಮುಖ ನೋಡಿದಳು, ಸೋರಿದ ಗೋಡೆ ನೋಡಿದಳು, ಹೂಂ ಅಂದಳು. ರೊಟ್ಟಿಯಿಂದ ಕೂಡಿಟ್ಟಿದ್ದನ್ನೆಲ್ಲ ಮುಂಗಡವಾಗಿ ಕೊಟ್ಟಳು. ಅಂಬರಾಯನೆಂಬ ಗಾರೆಕೆಲಸದ ಗೌಂಡಿ, ಆಳುಗಳೊಂದಿಗೆ ಬಂದು ನೆಲ ಕಿತ್ತ. ಕಿತ್ತ ಕಲ್ಲು 'ಕಸ' ಎಂದು ಟ್ರ್ಯಾಕ್ಟರಿನಲ್ಲಿ ಹೋಯಿತು. ಮಾಳಿಗೆಗೆ ಯಾವುದೋ ಕರಿ ಎಣ್ಣೆ ಬಳಿದರು. "ಟೈಲ್ಸ್ ನಾಳಿ ಬರ್ತಾವ" ಎಂದು ಹೇಳಿ ಹೋದ ಸಂತೋಷಕುಮಾರ ಮತ್ತೆ ಆ ಓಣಿಗೆ ಕಾಲಿಡಲಿಲ್ಲ. ಫೋನು ಹಚ್ಚಿದರೆ ಮೊದಮೊದಲು "ದಾರ್ಯಾಗ ಇದ್ದೀನಕ್ಕಾ" ಎನ್ನುತ್ತಿದ್ದ. ಆಮೇಲೆ ಎತ್ತುವುದನ್ನೇ ಬಿಟ್ಟ. ಮೊದಲ ಮಳೆಗೆ ಮಾಳಿಗೆಯ ಎಣ್ಣೆ ಗೋಡೆಗುಂಟ ಕರ್ರಗೆ ಇಳಿದು ಬಂತು.

ಭಾಗಣ್ಣ ಸಿಟ್ಟಾಗಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅವನು ಸುಮ್ಮನೆ ಮಾಳಿಗೆ ಮೇಲೆ ತಾಡಪತ್ರಿ ಹಾಸಿ, ಅಂಚಿಗೆ ಕಲ್ಲು ಹೇರಿ ಇಳಿದು ಬಂದ. ಬಸ್ಸಮ್ಮ ಮಾತು ಕಡಿಮೆ ಮಾಡಿದಳು. ಪಡಸಾಲೆಯ ಬರಿ ಮಣ್ಣಿಗೆ ಕಾಲಿಡಲಾರದೆ ಹೊಸ್ತಿಲ ಮೇಲೇ ಕೂತಿರುತ್ತಿದ್ದಳು. ಠಾಣೆಗೆ ಹೋದರೆ, "ಕರೆಸಿದವರು ನೀವು, ರೊಕ್ಕ ಕೊಟ್ಟವರು ನೀವು. ಇದು ನಿಮ್ಮಿಬ್ಬರ ವ್ಯವಹಾರ, ಕೂತು ಬಗೆಹರಿಸ್ಕೋರಿ" ಎಂದು ಕಳಿಸಿದರು. ಓಣಿಯಲ್ಲಿ ಕೆಲವರು ಮರುಗಿದರು, ಕೆಲವರು ನಕ್ಕರು. ನಕ್ಕವರಲ್ಲಿ ಇಬ್ಬರು ಅದೇ ಸಂತೋಷಕುಮಾರನಿಗೆ ಮುಂಗಡ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದವರೆಂದು ಆಮೇಲೆ ಗೊತ್ತಾಯಿತು.

ಚಂದ್ರಕಲಾ ಅತ್ತಳು, ಮೂಗು ಒರೆಸಿಕೊಂಡಳು, ಕೆಮ್ಮಣ್ಣು ತರಿಸಿದಳು. ತವರಿನಲ್ಲಿ ಅವ್ವ ಮಾಡುತ್ತಿದ್ದಂತೆ ಮಣ್ಣು ಬಡಿದು ಸಮ ಮಾಡಿ, ಸಗಣಿ ಸಾರಿಸಿ, ಒಲೆ ಹೂಡಿದಳು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು.

ಶ್ರಾವಣ ಕಳೆದ ಮೇಲೆ ಚಿತ್ತಾಪುರದಿಂದ ಒಂದು ಕೆಲಸ ಬಂತು. ಲಲಿತಾಬಾಯಿ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಜಂಗಮರ ಊಟವಿತ್ತು. ಚಂದ್ರಕಲಾ ರೊಟ್ಟಿಯ ಬುಟ್ಟಿ ಹೊತ್ತು, ಹಿತ್ತಲ ಬಾಗಿಲಿನಿಂದ ಅಂಗಳಕ್ಕೆ ಬಂದಳು. ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟಳು, ಅಲ್ಲೇ ನಿಂತಳು. ಆ ತಂಪು ಅವಳ ಅಂಗಾಲಿಗೆ ಗೊತ್ತಿತ್ತು. ತಲೆ ಬಗ್ಗಿಸಿ ನೋಡಿದಳು. ತುಳಸಿಕಟ್ಟೆಯ ಮುಂದೆ ಮಾವ ಕೆತ್ತಿದ ಚೌಕಾಬಾರಾ ಇತ್ತು.

ಬುಟ್ಟಿ ಇಳಿಸುವುದನ್ನೂ ಮರೆತು ನಿಂತವಳನ್ನು ಕಂಡು ಲಲಿತಾಬಾಯಿ ಹೊರಗೆ ಬಂದರು. ಹಣೆಯ ತುಂಬ ವಿಭೂತಿ, ನೆಟ್ಟನೆ ನಿಲುವು, ಶಾಲೆ ಬಿಟ್ಟರೂ ಶಾಲೆ ಬಿಡದ ದನಿ.

"ಯಾಕವ್ವ, ಹಂಗ್ಯಾಕ ನಿಂತಿ? ಚಂದ ಅದ ಅಲ್ಲ? ಹೊಸ ಖಣಿ ಕಲ್ಲು. ಇದು ಡಿಸೈನ್ ಕಲ್ಲಂತ, ಇದಕ್ಕ ಬ್ಯಾರೇ ರೇಟು ತಗೊಂಡ ಗುತ್ತೇದಾರ."

ಚಂದ್ರಕಲಾಗೆ ನಗು ಬಂತು, ಬುಟ್ಟಿ ಇಳಿಸಿದಳು. "ಅಕ್ಕೋರೆ, ತಪ್ಪು ತಿಳಿಬ್ಯಾಡ್ರಿ. ಅದು ಡಿಸೈನ್ ಅಲ್ಲರಿ, ಚೌಕಾಬಾರಾ. ನಮ್ಮ ಮನಿ ನೆಲ ಇದು."

ಲಲಿತಾಬಾಯಿಯ ಮುಖ ಬಿಗಿಯಿತು. ರೊಕ್ಕ ಕೊಟ್ಟು ಹಾಸಿಸಿದ ಅಂಗಳವನ್ನು ರೊಟ್ಟಿ ತಂದವಳು ತನ್ನದೆಂದರೆ ಯಾರಿಗೆ ಹಿತವಾದೀತು? "ಅಂಥಾ ಕಲ್ಲು ಈ ಸೀಮಿ ತುಂಬ ಅದಾವ. ನಿಂದೇ ಅಂತ ಹೆಂಗಂತಿ?" ಎಂದು ಕೇಳಿ ಒಳಗೆ ಹೋದರು. ಊಟದ ಗಡಿಬಿಡಿಯಲ್ಲಿ ಮಾತು ಅಲ್ಲಿಗೇ ನಿಂತಿತು. ಆದರೆ ಚಂದ್ರಕಲಾ ಬುಟ್ಟಿ ಎತ್ತಿಕೊಂಡು ಹೊರಟಾಗ ಅವರು ಮತ್ತೆ ಬಾಗಿಲಿಗೆ ಬಂದು, "ಅವನ ಹೆಸರೇನು, ನಿನ್ನ ಗುತ್ತೇದಾರಂದು?" ಎಂದರು. ಅವಳು ಹೆಸರು ಹೇಳಿದಳು. ಲಲಿತಾಬಾಯಿ ಬಚ್ಚಲುಮನೆಯ ಕಡೆ ತಿರುಗಿ ನೋಡಿದರು. ಅದನ್ನು ಅರ್ಧ ಒಡೆದು ಹೋದ ಸಂತೋಷಕುಮಾರ ಅವರಿಗೂ ದಿನಾ 'ನಾಳೆ' ಎನ್ನುತ್ತಿದ್ದ.

"ನಿಮ್ಮತ್ತಿನ್ನ ಕರ್ಕೊಂಡು ಬಾ" ಎಂದರು ಕೊನೆಗೆ.

ಮರುದಿನ ಭಾಗಣ್ಣ ತನ್ನ ಟಂಟಂನಲ್ಲಿ ಅವ್ವನನ್ನೂ ಹೆಂಡತಿಯನ್ನೂ ಕರೆತಂದ. ಬಸ್ಸಮ್ಮ ನೆಟ್ಟಗೆ ತುಳಸಿಕಟ್ಟೆಯ ಬಳಿ ಹೋಗಿ ಕುಕ್ಕರಿಸಿ, ಅಂಗೈಯಿಂದ ಕಲ್ಲಿನ ಧೂಳು ಒರೆಸಿದಳು. ಒಂದು ಮೂಲೆಯ ಗೆರೆ ಸೊಟ್ಟಗಿತ್ತು. ಅದರ ಮೇಲೆ ಬೆರಳಾಡಿಸಿ, "ಇಲ್ಲಿ ನಾ ಚಾ ಕುಡಿಯಾಕ ಕರದೆ. ತಿರುಗಿ ನೋಡಿದ, ಉಳಿ ಜಾರಿತು" ಎಂದಳು. ಆಮೇಲೆ ತಲೆ ಎತ್ತಿ ಲಲಿತಾಬಾಯಿಯನ್ನು ಕೇಳಿದಳು: "ಹುಣಸಿಬೀಜ ಅದಾವೇನವ್ವ ಮನ್ಯಾಗ?"

ಹುಣಸೆಬೀಜ ಬಂದವು. ಭಾಗಣ್ಣ ಅವನ್ನು ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಟ್ಟ. ಲಲಿತಾಬಾಯಿ ಮೊದಲು ಕುರ್ಚಿಯಲ್ಲಿ ಕೂತೇ ಆಡಿದರು, ಎರಡನೆಯ ಆಟಕ್ಕೆ ಕೆಳಗಿಳಿದು ಕೂತರು. ಬಸ್ಸಮ್ಮ ಅವರ ಕಾಯಿ ಹೊಡೆದಳು. ಅವರು "ಅಯ್ಯ ನಿನ್ನ!" ಎಂದರು. ಎಷ್ಟೋ ದಿನಗಳ ಮೇಲೆ ಅತ್ತೆ ಬಾಯಿ ತುಂಬ ನಕ್ಕಿದ್ದನ್ನು ಕಂಡು ಚಂದ್ರಕಲಾ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಆಟ ಮುಗಿಯುವಷ್ಟರಲ್ಲಿ ನೆಲ ಯಾರದೆಂಬ ಪ್ರಶ್ನೆ ಆ ಅಂಗಳದಲ್ಲಿ ಉಳಿದಿರಲಿಲ್ಲ.

"ಅವ ನಿನ್ನ ಫೋನ್ ಎತ್ತಂಗಿಲ್ಲ. ನಂದು ಎತ್ತತಾನ, ನನ್ನ ಕಡಿಂದ ಇನ್ನಾ ಕೆಲಸ ಸಿಗತದ ಅಂತ ಆಸಿ ಅದ ಅವಂಗ" ಎಂದರು ಲಲಿತಾಬಾಯಿ. ತಮ್ಮ ಸುಲೇಪೇಟದ ತಂಗಿ ಫರಸಿ ಹಾಕಿಸುವವಳಿದ್ದಾಳೆಂದು ಅವನಿಗೆ ಹೇಳಿ, ಮಾತಾಡಲು ಬಾ ಎಂದು ಕರೆದರು. ಫೋನು ಇಟ್ಟು, ತುಸು ನಾಚಿ, "ಸುಳ್ಳಲ್ಲ ಮತ್ತ. ನನ್ನ ತಂಗಿ ಖರೇನೇ ಹಾಕಸ್ತಾಳ. ಇವನ ಕೈಲೆ ಅಂತ ನಾ ಎಲ್ಲಿ ಅಂದೆ?" ಎಂದರು.

ಚಂದ್ರಕಲಾ ಅಷ್ಟಕ್ಕೇ ಬಿಡಲಿಲ್ಲ. ಗುಂಡಗುರ್ತಿಗೆ ಹೋಗಿ ಗೌಂಡಿ ಅಂಬರಾಯನ ಮನೆ ಹುಡುಕಿದಳು. ಅವನು ಅವಳನ್ನು ಕಂಡು ಎದ್ದು ನಿಂತ. "ಯಕ್ಕಾ, ನನಗೂ ಅವ ಕೂಲಿ ಕೊಟ್ಟಿಲ್ಲ. ಕಲ್ಲು ಛಲೋ ಅದಾವ ಅಂತ ಆವತ್ತೇ ಹೇಳಬೇಕಂದೆ. ಹೇಳಿದ್ರ ಕೆಲಸಾ ಹೋಗ್ತದಂತ ಸುಮ್ಮಕಾದೆ."

"ಆವತ್ತು ಹೇಳಲಿಲ್ಲ, ಹೋಗಲಿ. ಈಗ ಬಂದು ಹೇಳ್ತಿಯೇನು?"

ಅಂಬರಾಯ ಹೆಂಡತಿಯ ಕಡೆ ನೋಡಿದ. ಅವಳು, "ಹೋಗ್ರಿ" ಎಂದಳು.

ಸಂತೋಷಕುಮಾರ ಅದೇ ಇಸ್ತ್ರಿ ಅಂಗಿಯಲ್ಲಿ, ಅದೇ ನಗುವಿನಲ್ಲಿ ಚಿತ್ತಾಪುರದ ಅಂಗಳಕ್ಕೆ ಬಂದ. ಅಲ್ಲಿ ಕೂತಿದ್ದವರನ್ನು ಕಂಡು ನಗು ಅರ್ಧಕ್ಕೆ ನಿಂತಿತು, ಆದರೆ ಮಾತು ನಿಲ್ಲಲಿಲ್ಲ.

"ಚಂದ್ರಕಲಕ್ಕಾ! ನಿಮ್ಮ ಕಡೀಗೇ ಬರೋನಿದ್ದೆ, ದೇವರಾಣಿ."

"ಬರೋದು ಬ್ಯಾಡಪ್ಪ, ನಾವೇ ಬಂದೀವಿ. ನೆಲದ ಮ್ಯಾಲ ಕುಂತೀವಿ ನೋಡು. ಯಾರ ನೆಲ ಹೇಳು" ಎಂದಳು ಚಂದ್ರಕಲಾ.

"ಇವು ಖಣಿಯಿಂದ ತಂದ ಕಲ್ಲಕ್ಕಾ."

ಅಂಬರಾಯ ಮುಂದೆ ಬಂದ. "ವಾಡ್ಯಾಗ ಇವನ್ನ ಕಿತ್ತಾಂವ ನಾನು. ಇಲ್ಲಿ ತಂದು ಹಾಸಿದಾವನೂ ನಾನೇ. ಯಾರ ಮುಂದ ಬೇಕಾದ್ರೂ ಹೇಳ್ತೀನಿ."

ಸಂತೋಷಕುಮಾರನ ಮುಖ ಬೇರೆಯಾಯಿತು. "ಕೂಲಿಯವನ ಮಾತು ಯಾರು ಕೇಳ್ತಾರ? ಇದು ಇವರದೇ ಅಂತ ಕಲ್ಲಿನ ಮ್ಯಾಲ ಹೆಸರು ಬರದದೇನು?"

ಚೌಕಾಬಾರಾ ಕಲ್ಲಿನ ಬಳಿ ಕೂತಿದ್ದ ಬಸ್ಸಮ್ಮ ಅವನನ್ನೇ ನೋಡುತ್ತ ಹೇಳಿದಳು: "ಹೆಸರು ಬರೀಲಾಕ ನನ್ನ ಗಂಡಗ ಬರ್ತಿದ್ದಿಲ್ಲಪ್ಪ. ಅದಕ್ಕ ಆಟ ಕೆತ್ತಿಟ್ಟ."

ಅವನು ಬೈಕಿನ ಕಡೆ ತಿರುಗಿದ. ಬಾಗಿಲಿಗೆ ಅಡ್ಡಲಾಗಿ ಭಾಗಣ್ಣನ ಟಂಟಂ ನಿಂತಿತ್ತು. ಭಾಗಣ್ಣ ಒಂದು ಮಾತೂ ಬೈಯದೆ, "ಬರ್ರಿ, ಕುಂದ್ರಿ. ಠಾಣೆತನಕ ನಾನೇ ಬಿಡ್ತೀನಿ" ಎಂದ.

ಈ ಸಲ ಠಾಣೆಯಲ್ಲಿ ಇಬ್ಬರ ವ್ಯವಹಾರ ಎನ್ನಲು ಬರಲಿಲ್ಲ. ಒಂದು ಮನೆಯ ನೆಲ ಇನ್ನೊಂದು ಮನೆಯಲ್ಲಿ ಸಿಕ್ಕಿತ್ತು, ಕಿತ್ತವನೇ ಸಾಕ್ಷಿಯಾಗಿ ನಿಂತಿದ್ದ. ಕಳವು, ಮೋಸ ಎರಡೂ ಬರೆಸಿಕೊಂಡರು. ಸುದ್ದಿ ಹಬ್ಬಿದಂತೆ ಶಹಾಬಾದದ ಒಂದು ಮನೆಯವರು, ಸೇಡಂ ಕಡೆಯ ಮುಧೋಳದವರು, ವಾಡಿಯ ಓಣಿಯಲ್ಲಿ ನಕ್ಕಿದ್ದ ಆ ಇಬ್ಬರು ಕೂಡ ತಮ್ಮ ತಮ್ಮ ಕಥೆ ಹೇಳಲು ಬಂದರು. ಮೊಕದ್ದಮೆ ಇನ್ನೂ ನಡೆದಿದೆ. ತಾರೀಖಿಗೆ ಎಲ್ಲರೂ ಕೂಡಿಯೇ ಹೋಗುತ್ತಾರೆ, ಚಂದ್ರಕಲಾ ರೊಟ್ಟಿ-ಹಿಂಡಿಚಟ್ನಿಯ ಗಂಟು ಕಟ್ಟಿಕೊಂಡು ಹೋಗುತ್ತಾಳೆ. ಸಂತೋಷಕುಮಾರ ಎಲ್ಲರದನ್ನೂ ತಿರುಗಿ ಕೊಟ್ಟಿಲ್ಲ. ಆದರೆ ಹೆದರಿ ಒಂದಿಷ್ಟು ರೊಕ್ಕ ಬಿಚ್ಚಿದ್ದಾನೆ.

ಬಂದದ್ದರಲ್ಲಿ ಮೊದಲು ಲಲಿತಾಬಾಯಿಯ ಅಂಗಳಕ್ಕೆ ಹೊಸ ಫರಸಿ ಬರಬೇಕು, ಆಮೇಲೇ ತನ್ನ ಕಲ್ಲು ಒಯ್ಯುವೆನೆಂದು ಚಂದ್ರಕಲಾ ಹಟ ಮಾಡಿದಳು. "ನಿಮ್ಮ ಅಂಗಳಾ ಮಣ್ಣು ಮಾಡಿ ನಾ ಹೆಂಗ ತಂಪು ನೆಲದ ಮ್ಯಾಲ ಮಲಗಲಿ, ಅಕ್ಕೋರೆ?" ಎರಡೂ ಮನೆಯ ನೆಲ ಅಂಬರಾಯನೇ ಹಾಸಿದ. ಚೌಕಾಬಾರಾ ಕಲ್ಲಿಗೆ ಅವನು ಕೈ ಹಾಕಿದಾಗ ಬಸ್ಸಮ್ಮ ತಡೆದಳು.

"ಅದು ಇಲ್ಲೇ ಇರಲಿ. ನಮ್ಮ ಮನ್ಯಾಗ ಆಡೋರು ಯಾರದಾರ? ಇಕಿ ರೊಟ್ಟಿ ಬಡೀತಾಳ, ಅಂವ ಗಾಡಿ ಹೊಡೀತಾನ. ಇಲ್ಲಿ ಈ ತಾಯಿ ನನ್ನ ಕೈಲೆ ಸೋಲಾಕ ಕುಂತಾಳ."

"ಸೋಲ್ತೀನಂತ ಯಾರಂದ್ರು?" ಎಂದರು ಲಲಿತಾಬಾಯಿ. ಈಗ ಸೋಮವಾರ ಬಂತೆಂದರೆ ಬಸ್ಸಮ್ಮ ಮುಂಜಾನೆಯೇ ಸೀರೆ ಬದಲಿಸಿ ಚಿತ್ತಾಪುರದ ದಾರಿ ನೋಡುತ್ತಾಳೆ.

ವಾಡಿಯ ಮಾಳಿಗೆಯನ್ನು ಅಂಬರಾಯ ಅವಸರ ಮಾಡದೆ ಸರಿಮಾಡಿದ. ದಿನದ ಕೆಲಸ ನೋಡಿ ದಿನದ ಕೂಲಿ ಕೊಡುವುದು ಚಂದ್ರಕಲಾಳ ಕರಾರಾಗಿತ್ತು, ಅವನಿಗೂ ಅದೇ ಬೇಕಾಗಿತ್ತು. ಅವನ ಕೆಲಸ ಕಂಡ ಪಕ್ಕದ ಮನೆಯವರು ತಮ್ಮ ಗೋಡೆಯನ್ನೂ ತೋರಿಸಿದರು. ಹಾಗೆ ಶುರುವಾಯಿತು. ಮನೆ ದುರಸ್ತಿ ಮಾಡಿಸುವವರು ಈಗ ಚಂದ್ರಕಲಾಳನ್ನು ಒಂದು ಮಾತು ಕೇಳುತ್ತಾರೆ. ಅವಳಿಗೆ ಸುಣ್ಣ-ಸಿಮೆಂಟಿನ ವಿದ್ಯೆಯೇನೂ ಗೊತ್ತಿಲ್ಲ, ಹಾಗೆಂದು ಅವಳೇ ಹೇಳುತ್ತಾಳೆ. ಗುತ್ತೇದಾರ ಈ ಮೊದಲು ಮಾಡಿದ ಮನೆಗೆ ಹೋಗಿ, ಆ ಮನೆಯ ಹೆಣ್ಣುಮಗಳ ಜೊತೆ ಚಹಾ ಕುಡಿದು ಬರುತ್ತಾಳೆ, ಅಷ್ಟೇ. ಅಲ್ಲಿ ಎಲ್ಲಾ ತಿಳಿಯುತ್ತದೆ. ಕಿತ್ತ ಸಾಮಾನು ಕಸವೆಂದು ಯಾರಾದರೂ ಅಂದರೆ, "ಕಸ ನಮ್ಮದೇ, ಇಲ್ಲೇ ಇರಲಿ" ಎನ್ನಲು ಕಲಿಸಿದ್ದಾಳೆ. ಅಂಬರಾಯನೂ ಅವನ ಜೊತೆಯ ಗೌಂಡಿಗಳೂ ಅವಳ ಮಾತಿನ ಮೇಲೆ ಶಹಾಬಾದ, ಸೇಡಂ ಎಂದು ಕೆಲಸಕ್ಕೆ ಹೋಗುತ್ತಾರೆ.

ಮೊನ್ನೆ ಚಿಂಚೋಳಿಯಿಂದ ಜೈತುನ್‌ಬೀ ಎಂಬ ಹೆಣ್ಣುಮಗಳು ಫೋನು ಹಚ್ಚಿದ್ದಳು. ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿದೆ, ಒಬ್ಬ ಗುತ್ತೇದಾರ ಪೂರಾ ಗೋಡೆ ಕೆಡವಬೇಕೆನ್ನುತ್ತಿದ್ದಾನೆ, ಬಾಗಿಲಲ್ಲೇ ನಿಂತಿದ್ದಾನೆ, ಏನು ಮಾಡಲಿ ಎಂದು ಅವಳ ಕಳವಳ. ಚಂದ್ರಕಲಾ ಒಂದು ಕೈಯಲ್ಲಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಹೇಳಿದಳು:

"ಅಂವಗ ಚಾ ಕೊಟ್ಟು ಕಳಸ್ರಿ, ರೊಕ್ಕ ಕೊಡಬ್ಯಾಡ್ರಿ. ನಾಳಿ ಮುಂಜಾನಿ ಬಸ್ಸಿಗಿ ನಾನು, ಅಂಬರಾಯ ಬರ್ತೀವಿ. ನೀವು ಭಾಳ ಹೆದರಬ್ಯಾಡ್ರಿ. ಗ್ವಾಡಿ ಒಂದಿನ ತಡಕೊಂತದ."