ನೆತ್ತಿಗೆ ಹತ್ತಿದ ತುತ್ತು

ಬಿಸಿ ಹಾಲಿನಲ್ಲಿ ಜೋಳದ ರೊಟ್ಟಿ ನೆನೆಯುವಾಗ ಒಂದು ವಾಸನೆ ಏಳುತ್ತದೆ, ಅರ್ಧ ಹಾಲಿನದು, ಅರ್ಧ ಹಂಚಿನ ಮೇಲೆ ಸುಟ್ಟ ಹಿಟ್ಟಿನದು. ನನ್ನ ಮನೆಯಲ್ಲಿ ಈಗ ಯಾರೂ ಹಾಗೆ ಉಣ್ಣುವುದಿಲ್ಲ, ನಾನು ಉಣ್ಣಗೊಡುವುದೂ ಇಲ್ಲ. ಆದರೂ ಯಾರದೋ ಅಡುಗೆಮನೆಯಿಂದ ಆ ವಾಸನೆ ತೇಲಿಬಂದರೆ ಸಾಕು, ಬಸವಕಲ್ಯಾಣದ ನಮ್ಮ ಪಡಸಾಲೆಯಲ್ಲಿ ಅವ್ವನ ತೊಡೆಯ ಮೇಲೆ ಮಲಗಿರುತ್ತಿದ್ದ ನನ್ನ ತಮ್ಮ ಮಲ್ಲು ಕಣ್ಣ ಮುಂದೆ ಬರುತ್ತಾನೆ. ಆಗ ಊರು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಹಿರಿಯರ ಬಾಯಲ್ಲಿ ಅದು ಇನ್ನೂ ಬರೀ ಕಲ್ಯಾಣಿ. ಆ ಪಡಸಾಲೆ ಹೋಯಿತು, ಅಲ್ಲಿ ಕೂತು ಉಂಡವರೂ ಹೋದರು. ನಿಮಗೂ ಇಂಥದೊಂದು ಮನೆ ಇದ್ದಿರಬೇಕು.

ಮಲ್ಲುವಿನ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮೂರು ತುಂಬಿದರೂ ಎಳೆಗೂಸಿನ ಹಾಗೆ ಎತ್ತಿಕೊಂಡೇ ತಿರುಗಬೇಕು. ನಗುವಿಗೆ ಮಾತ್ರ ಬರವಿರಲಿಲ್ಲ, ನಾನು ಶಾಲೆಯಿಂದ ಬಂದರೆ ಮುಖವೆಲ್ಲ ನಗುತ್ತಿದ್ದ. ಊಟವೇ ಅವನಿಗೆ ದೊಡ್ಡ ಯಾತನೆ. ತುತ್ತು ಬಾಯಲ್ಲೇ ಸುತ್ತುತ್ತಿತ್ತು, ಹಾಲು ಮೂಗಿನಿಂದ ಇಳಿಯುತ್ತಿತ್ತು, ನುಂಗಿದ ಅನ್ನುವಷ್ಟರಲ್ಲಿ ನೆತ್ತಿಗೆ ಹತ್ತಿ ಮುಖ ಕೆಂಪಾಗುವಂತೆ ಕೆಮ್ಮು. ನೆತ್ತಿಗೆ ಹತ್ತಿದರೆ ಯಾರೋ ನೆನೆಯುತ್ತಿದ್ದಾರೆ ಎಂದಲ್ಲವೇ ನಮ್ಮ ನಂಬಿಕೆ? ಅಪ್ಪನ ತಾಯಿ, ನಮ್ಮ ಆಯಿ, ಓಡಿಬಂದು ಅವನ ನೆತ್ತಿ ತಟ್ಟುತ್ತ ಹೆಸರು ಹೇಳುತ್ತಿದ್ದಳು. ಯಾವ ಹೆಸರಿಗೆ ಕೆಮ್ಮು ನಿಂತಿತೋ ಅವರೇ ನೆನೆದವರು.

"ಯಾರ ನೆನಸಾಕತ್ತಾರೋ ನನ್ನಪ್ಪಾ? ಘಾಟಬೋರಾಳದ ಮಾವೇನು? ಮೋರಖಂಡಿ ಅತ್ತಿಯೇನು?"

ಹೆಚ್ಚಾಗಿ ಅತ್ತೆಯ ಹೆಸರಿಗೇ ನಿಲ್ಲುತ್ತಿತ್ತು. ಅದನ್ನು ಕೇಳಿ ಹಿಗ್ಗಿದ ಅತ್ತೆ, ಸಂತೆಗೆ ಬಂದಾಗಲೆಲ್ಲ ಬೆಲ್ಲ ತಂದು ಅವನ ನಾಲಿಗೆಗೆ ಸವರಿ ಹೋಗುತ್ತಿದ್ದಳು. ಕೂಸಿನ ಉಸಿರು ಕಟ್ಟುತ್ತಿದ್ದರೆ ಮನೆಮಂದಿಯೆಲ್ಲ ನೆಂಟರ ಹೆಸರು ಹೇಳುತ್ತ ಕೂತಿದ್ದೆವು. ಅದನ್ನೂ ಅಷ್ಟೊಂದು ಪ್ರೀತಿಯಿಂದ ಮಾಡುತ್ತಿದ್ದೆವು.

ಒಂದು ಚಳಿಗಾಲ ಕೆಮ್ಮು ತಾನಾಗಿಯೇ ಕಡಿಮೆಯಾಯಿತು. ಹಾಲು-ರೊಟ್ಟಿ ಸದ್ದಿಲ್ಲದೆ ಇಳಿಯತೊಡಗಿತು. "ನೆನಸೋರು ಕೈಬಿಟ್ರು, ಇನ್ನ ಹುಡುಗ ಸುಧಾರಸ್ತಾನ" ಎಂದು ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಷ್ಟು ದಿನ ಮಗನ ಹೊಟ್ಟೆ ತುಂಬಿಸಲಾಗದೆ ಕೊರಗಿದ್ದ ಅವ್ವ ಬಟ್ಟಲು ಬಟ್ಟಲು ಉಣಿಸಿದಳು. ಉಂಡದ್ದು ಮೈಗೆ ಹತ್ತಲಿಲ್ಲ. ಎದೆ ಗೊರಗೊರ ಎನ್ನತೊಡಗಿತು, ಜ್ವರ ಬಿಟ್ಟು ಬಿಟ್ಟು ಬಂತು, ನಗುವೂ ಅಪರೂಪವಾಯಿತು. ಕೊನೆಗೆ ಅಪ್ಪ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಹುಮನಾಬಾದಿನ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದ.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮಲ್ಲುವಿಗೆ ಒಂದು ಚಮಚ ನೀರು ಕುಡಿಸಿ, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಕೆಮ್ಮು ಬರುವುದಿಲ್ಲವೇ ಎಂದದ್ದಕ್ಕೆ ಅವ್ವ ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಮುಂದೆ ಬಂದು, "ದೀವಳಗಿಯಿಂದ ಇಲ್ರಿ. ಅದು ಪೂರಾ ಆರಾಮ ಆಗೇದ" ಎಂದಳು.

ಅವರು ನಳಿಗೆ ಕೆಳಗಿಟ್ಟರು. "ನೆತ್ತಿಗೆ ಹತ್ತೂದಲ್ಲವ್ವಾ ಅದು. ಉಂಡದ್ದು ದಾರಿ ತಪ್ಪಿ ಎದಿಯೊಳಗ ಇಳೀತದ. ಇಳೀಬಾರ್ದು ಅಂತನ ಕೂಸು ಕೆಮ್ಮತಿತ್ತು. ಈಗ ಕೆಮ್ಮಾಕ ಶಕ್ತಿ ಉಳದಿಲ್ಲ."

ಮಲಗಿಸಿ ಉಣಿಸಬೇಡಿ, ಕೂಡಿಸಿ, ಕುತ್ತಿಗೆಗೆ ಕೈ ಕೊಟ್ಟು, ತೆಳ್ಳಗಿನದು ಬಿಟ್ಟು ಮೆತ್ತಗೆ ಗಟ್ಟಿಯಾದದ್ದನ್ನು ಚೂರು ಚೂರೇ ಕೊಡಿ ಎಂದರು. ಔಷಧಿ ಕೊಟ್ಟರು. ಉಳಿಯುತ್ತಾನೆ ಎಂದು ಮಾತ್ರ ಹೇಳಲಿಲ್ಲ. ಬಸ್ಸಿನಲ್ಲಿ ಅವ್ವ, "ಬಟ್ಟಲ ತುಂಬ ನಾನೇ ಉಣಸೀನಿ" ಎಂದಳು. ಮತ್ತೆ ಅದನ್ನೇ ಹೇಳಿದಳು.

ಅಂದಿನಿಂದ ಅವನನ್ನು ಗೋಡೆಗೆ ಒರಗಿಸಿ, ಎರಡೂ ಮಗ್ಗುಲಿಗೆ ಕೌದಿ ತುರುಕಿ, ಕುತ್ತಿಗೆಯ ಹಿಂದೆ ಒಂದು ಕೈ ಇಟ್ಟು ಅವ್ವ ಉಣಿಸತೊಡಗಿದಳು. ಬೆರಳ ತುದಿಯಷ್ಟು ತುತ್ತು. ಅದಿಳಿಯುವ ತನಕ ಅವಳೂ ಉಗುಳು ನುಂಗುತ್ತಿರಲಿಲ್ಲ. ಆಯಿ ಹತ್ತಿರ ಬರುವುದನ್ನೇ ಬಿಟ್ಟಳು, ಬಾಗಿಲಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ಮೊದಲಿನ ಹಾಗೆ ಒಮ್ಮೆ ಕೆಮ್ಮಲಿ ಎಂದು ಮನೆಯವರೆಲ್ಲ ಕಾದೆವು. ಅವನು ಕೆಮ್ಮಲಿಲ್ಲ. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಹಾಗೆ ಕೂತಲ್ಲೇ ಅವನ ಉಸಿರು ನಿಂತಿತು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂಡಿಸಿಯೇ ಮಣ್ಣು ಕೊಡುತ್ತಾರೆ. ಓಣಿಯ ಹಿರಿಯರು ವಿಭೂತಿ ಹಚ್ಚಿ ಅವನನ್ನು ಗೋಡೆಗೆ ಕೂಡಿಸಹೋದರು. ತಲೆ ಎದೆಯ ಮೇಲೆ ಬಿತ್ತು. ಅಳುತ್ತಿದ್ದ ಅವ್ವ ಹೆಂಗಸರ ನಡುವಿನಿಂದ ಎದ್ದು ಬಂದು, ಅವರ ಕೈ ಸರಿಸಿ, ತಾನೇ ಎರಡೂ ಮಗ್ಗುಲಿಗೆ ಕೌದಿ ತುರುಕಿದಳು.

"ಹಂಗಲ್ರಿ. ಕುತ್ತಿಗಿಗೆ ಕೈ ಕೊಡಬೇಕು."

ಹೊರಡುವ ಹೊತ್ತಾಯಿತು ಎಂದು ಅಪ್ಪ ಬಂದು ಹೇಳುವವರೆಗೂ ಅವಳು ಆ ಕೈ ತೆಗೆಯಲಿಲ್ಲ.