ಶೇಕ್ಷಾವಲಿ ತಲೆಗೆ ಬಂದ ತಪ್ಪು ನನ್ನದು

ಎಂಟು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಹೇಳುತ್ತಿದ್ದೇನೆ.
ಶೇಕ್ಷಾವಲಿ ಕೆಲಸ ಕಳೆದುಕೊಂಡಿದ್ದು ಅವನ ತಪ್ಪಿನಿಂದ ಅಲ್ಲ. ನನ್ನ ತಪ್ಪಿನಿಂದ.

ಈಗ ಅವನೇ ಇಲ್ಲ ಅಂತಾರೆ...
ನಿನ್ನೆ ಕೂಡ ಸ್ಟೇಟಸ್ ಹಾಕಿದ್ದ. ಬಿಚ್ಚಿಟ್ಟ ಟ್ರ್ಯಾಕ್ಟರ್ ಇಂಜಿನ್ ಫೋಟೋ.
ಇವತ್ತು ಬೆಳಿಗ್ಗೆ ಹರಪನಹಳ್ಳಿಯ ಗ್ಯಾರೇಜಿನಲ್ಲಿ ಎದೆನೋವು... ದಾವಣಗೆರೆ ಆಸ್ಪತ್ರೆ ಮುಟ್ಟಲಿಲ್ಲ.
ಮಧ್ಯಾಹ್ನವೇ ಮಣ್ಣು ಮಾಡಿದರಂತೆ. ಶಿಫ್ಟ್ ಮುಗಿಯೋ ತನಕ ನಮ್ಮ ಫೋನ್ ಆಫೀಸಿನ ಬಾಗಿಲಲ್ಲೇ ಇಟ್ಟುಕೊಳ್ಳುತ್ತಾರೆ. ಸಂಜೆ ಕೈಗೆ ಬಂದಾಗ ಹನ್ನೊಂದು ಮಿಸ್ಡ್ ಕಾಲ್...

ಕೊಟ್ಟೂರಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಸಿಸ್ಟಮ್.
ಡ್ರೈವರ್ ಇಲ್ಲದ ಕಾರಿಗೆ ರಸ್ತೆ ತಿಳಿಸಿಕೊಡೋ ಕೆಲಸ. ವಿಡಿಯೋದಲ್ಲಿ ದನ, ಜನ, ಗುಂಡಿ... ಎಲ್ಲದಕ್ಕೂ ಗೆರೆ ಎಳೆದು ಹೆಸರು ಹಾಕಬೇಕು.
ಯಾವ ದೊಡ್ಡ ಕಂಪನಿಯ ಕಾರು, ನಮಗೂ ಹೇಳಿಲ್ಲ. ನಾವು ಕಾಂಟ್ರ್ಯಾಕ್ಟ್.

ಅವತ್ತು ಶುಕ್ರವಾರ. ನೀನು ನಮಾಜಿಗೆ ಹೋದೆ, ಶೇಕ್ಷಾವಲಿ. ಟಾರ್ಗೆಟ್ ಬಾಕಿ ಇತ್ತು ಅಂತ ನಿನ್ನ ಲಾಗಿನ್‌ನಲ್ಲಿ ನಾನು ಕೂತೆ.
ರಸ್ತೆ ತುಂಬ ಹುರುಳಿ ಬಳ್ಳಿ ಹರಡಿದ ವಿಡಿಯೋಗಳು ಬಂದವು.
‘ಅಡ್ಡಿ’ ಅಂತ ಹಾಕಬೇಕಿತ್ತು. ನಿಯಮದ ಹಾಳೆ ಇಂಗ್ಲಿಷಿನಲ್ಲಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು... ಓದಲಿಲ್ಲ. ‘ಹೋಗಬಹುದು’ ಅಂತ ಹಾಕಿದೆ. ಎಲ್ಲದಕ್ಕೂ.
ಉಜ್ಜಿನಿಯಲ್ಲಿ ನಮ್ಮವ್ವ ರಸ್ತೆಗೆ ಹುರುಳಿ ಹರಡಿ ಲಾರಿಯವರನ್ನು ಕೂಗುತ್ತಾಳೆ, "ಮ್ಯಾಲೆ ಹತ್ತಿಸ್ಕೊಂಡು ಹೋಗ್ರಿ, ಕಾಳು ಉದುರ್ಲಿ!"
ನನಗೆ ಗೊತ್ತಿದ್ದ ರಸ್ತೆ ಅದು.

ಅಷ್ಟೂ ಕೆಲಸ ರಿಜೆಕ್ಟ್ ಆಯಿತು. ಸೋಮವಾರ ನಿನ್ನನ್ನು ತೆಗೆದರು.
ಮೆಟ್ಟಿಲ ಮೇಲೆ ನಿಂತು ನಕ್ಕೆ ನೀನು. "ಲೇ ಉಜ್ಜಿನಿ, ಕಂಪ್ನಿ ಕಾರಿಗಿ ಹುರುಳಿ ಒಕ್ಕಾದು ಕಲಿಸಿಬಿಟ್ಯಲ್ಲ!"
"ಒಳಗ ಹೋಗಿ ಹೇಳಿಬಿಡ್ತೀನಿ" ಅಂದೆ ನಾನು.
"ಬಾಯಿ ಮುಚ್ಕೊಂಡು ಕುಂದ್ರು. ನಂಗ ಅಣ್ಣನ ಗ್ಯಾರೇಜ್ ಐತಿ. ನಿಂಗೇನೈತಿ?"

ಮುಚ್ಚಿಕೊಂಡೇ ಕೂತೆ...
ಹೊಸಬರು ಬಂದಾಗೆಲ್ಲ ಸೂಪರ್‌ವೈಸರ್, "ಶೇಕ್ಷಾವಲಿ ಹಂಗ ಕಣ್ಣು ಮುಚ್ಚಿ ಹಾಕಬ್ಯಾಡ್ರಿ" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ.

ರಂಜಾನ್ ಹಬ್ಬದ ದಿನ ನಿಮ್ಮ ಅಮ್ಮಿ ನನಗೆ ಸುರಕುಂಬ ಪಾಯಸ ಬಡಿಸುತ್ತಾ ಅಂದರು, "ನೀನಾದ್ರೂ ಉಳಿಸ್ಕೊಂಡಿ ಬೇಟಾ... ನಮ್ಮೋನಿಗೆ ಕುಂತು ಮಾಡೋ ಕೆಲ್ಸಾನೂ ಆಗ್ಲಿಲ್ಲ."
ನೀನು ಪಕ್ಕದಲ್ಲೇ ಇದ್ದೆ. ನನಗೆ ಕಣ್ಣು ಹೊಡೆದು ಇನ್ನೊಂದು ಬಟ್ಟಲು ಕೇಳಿದೆ.
ಅಮ್ಮಿ ಇವತ್ತಿಗೂ ಅದನ್ನೇ ನಂಬಿದ್ದಾರೆ...

ನೀನು ಹೋದ ಕಡೆ ನಿನ್ನ ಜೀವ ತಣ್ಣಗಿರಲಿ, ದೋಸ್ತ.

ನಾಳೆ ಬೆಳಿಗ್ಗೆ ಸೂಪರ್‌ವೈಸರ್‌ಗೆ ಇದನ್ನೇ ಹೇಳಿ, ಐಡಿ ಕಾರ್ಡ್ ಕೊಟ್ಟು, ಅಮ್ಮಿ ಹತ್ತಿರ ಹರಪನಹಳ್ಳಿಗೆ ಹೊರಡುತ್ತೇನೆ.