ತಲೆ ಅಲ್ಲಾಡಿಸಬೇಡ ಎಂದವರು

ನಮ್ಮ ಅಂಗಡಿಯಲ್ಲಿ ಪರದೆ ಬಟ್ಟೆ ಕೊಂಡವರ ಮನೆಗೆ ಹೋಗಿ, ಕಂಬಿ ಕೂರಿಸಿ, ಪರದೆ ನೇತುಹಾಕಿ ಬರುವುದು ಅಕ್ಕನ ಕೆಲಸ. ನನಗೇನೂ ಒಡಹುಟ್ಟಿದವಳಲ್ಲ, ಅವಳ ಬಾಯಿಗೆ ಹೆದರಿ ಬೀದಿಯೆಲ್ಲ ಹಾಗೆ ಕರೆಯುತ್ತದೆ. ಏಣಿಯ ತುದಿಯಲ್ಲಿ ನಿಂತು, ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡೇ ಗಿರಾಕಿಯ ಜೊತೆ ವಾದ ಗೆದ್ದು ಇಳಿಯುವವಳು.

ಒಂದು ಜ್ವರ ಬಂದು ಹೋದ ಮೇಲೆ ಅವಳಿಗೆ ನೆಲವೇ ತೂಗಾಡತೊಡಗಿತು. ಕತ್ತು ಹೊರಳಿಸಿದರೆ ಗೋಡೆ ಓಡುತ್ತಿತ್ತು. ತೂರಾಡುತ್ತ ನಡೆದವಳನ್ನು ಕಂಡು, "ಹಗಲಲ್ಲೇ ಶುರು ಮಾಡ್ಕೊಂಡಿದ್ದಾಳೆ" ಎಂದವರಿದ್ದಾರೆ. ಅವರಲ್ಲಿ ಇಬ್ಬರು ನನ್ನ ಖಾಯಂ ಗಿರಾಕಿಗಳು, ಅದಕ್ಕೇ ಹಲ್ಲು ಕಚ್ಚಿ ಬಟ್ಟೆ ಅಳೆದುಕೊಟ್ಟೆ. ಮೊದಲ ವೈದ್ಯರು ಮುಖ ಎತ್ತದೆ ಮಾತ್ರೆ ಬರೆದು, "ಟೆನ್ಶನ್ ಕಡಿಮೆ ಮಾಡ್ಕೊಳ್ಳಿ, ಏಣಿ ಮರೆತುಬಿಡಿ" ಎಂದರು. ಎರಡನ್ನೂ ಎಷ್ಟು ಸಲೀಸಾಗಿ ಹೇಳಿಬಿಟ್ಟರು.

ತಿಂಗಳುಗಟ್ಟಲೆ ಅಲೆದ ಮೇಲೆ ಕಿವಿಯ ವೈದ್ಯರೊಬ್ಬರು ಪರೀಕ್ಷಿಸಿ, ಒಳಕಿವಿಯ ಸಮತೋಲದ ನರಕ್ಕೆ ಪೆಟ್ಟಾಗಿದೆ ಎಂದರು. ಇಂಥ ತೊಂದರೆಗೆಂದೇ ಪಳಗಿದ ಫಿಸಿಯೋಥೆರಪಿಸ್ಟ್ ಇದ್ದಾರೆ ಎಂದು ಅವಳಿಗೆ ತಿಳಿದದ್ದೇ ಆಗ. ಆಕೆ ಅಕ್ಕನನ್ನು ಮೆತ್ತನೆಯ ದಿಂಬಿನ ಮೇಲೆ ನಿಲ್ಲಿಸಿ ನೋಡಿದರು. ಗೋಡೆಯ ಚುಕ್ಕಿಯಿಂದ ಕಣ್ಣು ಕದಲಿಸದೆ ತಲೆಯನ್ನು ಅತ್ತಿತ್ತ ತಿರುಗಿಸಲು ಕಲಿಸಿದರು.

"ಸ್ವಲ್ಪ ತಲೆಸುತ್ತು ಬರುತ್ತಮ್ಮ. ಬರಲಿ. ಬಂದ್ರೇನೇ ಮಿದುಳು ದಾರಿ ಕಲಿಯೋದು."

ಈ ಮಾತು ಮನೆಯವರ ಕಿವಿಗೆ ಹೋಗಲಿಲ್ಲ. ಅಭ್ಯಾಸಕ್ಕೆಂದು ಅವಳು ಮನೆಯ ಗೋಡೆಗೆ ಇಟ್ಟುಕೊಂಡ ಚುಕ್ಕಿಯನ್ನು ಗಂಡ ಒರೆಸಿಹಾಕಿದ. ಮಲಗಿದಾಗ ಸೊಸೆಯ ತಲೆ ಅಲ್ಲಾಡದಂತೆ ಅತ್ತೆ ಎರಡೂ ಕಡೆ ದಿಂಬು ಒತ್ತಿಟ್ಟರು. ಎಲ್ಲ ಪ್ರೀತಿಯಿಂದಲೇ. ಇಷ್ಟು ಪ್ರೀತಿ ಶತ್ರುಗಳಿಗೂ ಬೇಡ.

ಒಂದು ದಿನ ಗಂಡ ಅಂಗಡಿಗೆ ಬಂದು ದನಿ ತಗ್ಗಿಸಿದ: "ಸಾಹುಕಾರ್ರೇ, ಅವಳಿಗೆ ಏಣಿ ಬೇಡ. ಕೌಂಟರಲ್ಲಿ ಕೂರಿಸ್ಕೊಳ್ಳಿ."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಚೌಕಟ್ಟು ಹಿಡಿದು ಅಕ್ಕ ನಿಂತಿದ್ದಳು.

"ಏನ್ರೀ, ನನ್ನ ಕೆಲಸಕ್ಕೆ ನೀವು ರಾಜೀನಾಮೆ ಕೊಡೋಕೆ ಬಂದ್ರಾ? ತಲೆ ತಿರುಗೋದು ನನಗೆ, ಹೆದರ್ಕೊಂಡು ಸಾಯೋದು ನೀವು. ಆ ಡಾಕ್ಟ್ರಮ್ಮ ಅಲ್ಲಾಡಿಸು ಅಂತಾರೆ, ನೀವು ಗಾಜಿನ ಸಾಮಾನಿನ ಹಾಗೆ ಪ್ಯಾಕ್ ಮಾಡ್ತೀರ. ನಾನು ವಾಸಿಯಾಗೋದು ಯಾವಾಗ?"

"ಬಿದ್ಬಿಟ್ರೆ?"

"ಅದಕ್ಕೇ ಪಕ್ಕದಲ್ಲಿ ನಿಲ್ಲಿ. ಹಿಡ್ಕೋಬೇಡಿ. ನಿಲ್ಲಿ."

ಎದುರಿನ ಬಟ್ಟೆಯ ಥಾನಿಗೆ ಅಂಟಿಸಿದ್ದ ಬೆಲೆಚೀಟಿಯಲ್ಲಿ ದೃಷ್ಟಿ ನೆಟ್ಟು ಅವಳು ತಲೆ ತಿರುಗಿಸತೊಡಗಿದಳು. ಮುಖ ಬಿಳಿಚಿಕೊಂಡಿತು. ಗಂಡನ ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಅವನೇ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಓಲಾಡಿದಳು, ಆದರೆ ಬೀಳಲಿಲ್ಲ.

"ಹಾಗಾದ್ರೆ ಕೌಂಟರ್ ಕೆಲಸ?" ಎಂದೆ ನಾನು.

"ಇವರನ್ನ ಕೂರಿಸ್ಕೊಳ್ಳಿ," ಎಂದಳು, ಚೀಟಿಯಿಂದ ಕಣ್ಣು ತೆಗೆಯದೆ. "ಡಾಕ್ಟ್ರಮ್ಮ ಹೂಂ ಅಂದ ದಿನ ನಾನು ಏಣಿ ಹತ್ತೋಳೇ."